ಬೆಲ್ಲದ ಪೇಟೆಯಲ್ಲಿ ಬಲಗೆನ್ನೆ

ಮುಖ ಎಂಬುದು ನಮ್ಮ ಹೆಸರಿನಲ್ಲಿದ್ದರೂ ಅದರ ಬಳಕೆಯೆಲ್ಲ ಬೇರೆಯವರದು. ಕೈಯನ್ನು ನಾವೇ ನೋಡಿಕೊಳ್ಳಬಹುದು, ಕಾಲನ್ನು ನೋಡಿಕೊಳ್ಳಬಹುದು. ಮುಖ ನೋಡಿಕೊಳ್ಳಬೇಕಾದರೆ ಮಾತ್ರ ಗೋಡೆಯ ಕನ್ನಡಿಯ ಮುಂದೆ ಹೋಗಿ ನಿಲ್ಲಬೇಕು. ಒಮ್ಮೆ ವಾರ ಪೂರ್ತಿ ಲೆಕ್ಕ ಇಟ್ಟು ನೋಡಿದೆ. ನಾನು ನನ್ನ ಮುಖವನ್ನು ನೋಡಿಕೊಳ್ಳುವುದು ದಿನಕ್ಕೆ ಸರಾಸರಿ ಆರೂವರೆ ನಿಮಿಷ. ಉಳಿದ ಹೊತ್ತೆಲ್ಲ ಅದನ್ನು ನೋಡುವವರು ಅವ್ವ, ಬಸ್ಸಿನ ಕಂಡಕ್ಟರ್, ಅಂಗಡಿಗೆ ಬರುವ ರೈತರು, ಎದುರಿನ ಚಹಾದಂಗಡಿಯವರು. ಅದರಲ್ಲಿ ಅವರು ಏನೇನು ಓದಿಕೊಳ್ಳುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಇದು ತತ್ವಜ್ಞಾನದಂತೆ ಕೇಳಿಸಿದರೆ ಕ್ಷಮಿಸಬೇಕು. ನಾನು ಇದನ್ನು ಕಲಿತದ್ದು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ, ಒಂದು ಮಂಗಳವಾರ, ಮುಂಜಾನೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ.

ಲೆಕ್ಕ ಇಡುವುದು ನನ್ನ ಹಳೆಯ ಚಟ. ಏಳನೆಯ ಇಯತ್ತೆಯಿಂದ ದಿನಚರಿ ಬರೆಯುತ್ತಿದ್ದೇನೆ. ಈಗ ನನಗೆ ಇಪ್ಪತ್ತೆಂಟು. ಬೇರೆಯವರ ದಿನಚರಿಗಳಲ್ಲಿ ಮನಸ್ಸು, ಕನಸು ಇತ್ಯಾದಿ ಇರುತ್ತವಂತೆ. ನನ್ನದರಲ್ಲಿ ಬನಹಟ್ಟಿಯಿಂದ ಮಹಾಲಿಂಗಪುರಕ್ಕೆ ಹೋಗುವ ಬಸ್ಸು ಯಾವ ದಿನ ಎಷ್ಟು ನಿಮಿಷ ತಡವಾಯಿತು, ವರ್ಷಕ್ಕೆ ಮನೆಯಲ್ಲಿ ಎಷ್ಟು ಸಲ ಝುಣಕ ಮಾಡಿದರು, ಅವ್ವನ ಕನ್ನಡಕ ಎಷ್ಟು ಸಲ ಕಳೆದುಹೋಗಿ ಅದರಲ್ಲಿ ಎಷ್ಟು ಸಲ ಅವಳ ತಲೆಯ ಮೇಲೆಯೇ ಸಿಕ್ಕಿತು ಎಂಬ ದಾಖಲೆಗಳಿವೆ. ಮನೆಗೆ ಬಂದವರಿಗೆ ಅವ್ವ ನನ್ನನ್ನು ಪರಿಚಯಿಸುವುದೇ ಹಾಗೆ: “ಇಂವ ಹುಟ್ಟಿದಾಗ ಮದಲ ಅಳಲಿಲ್ರಿ, ಗಡಿಯಾರ ನೋಡಿದ. ಟೈಮ್ ಬರಕೊಂಡು ಆಮ್ಯಾಲ ಅತ್ತ.”

ನನ್ನ ಕೆಲಸ ಮಾಮಾನ ಅಡತಿ ಅಂಗಡಿಯಲ್ಲಿ. ಮಾಮಾ ಎಂದರೆ ಅವ್ವನ ತಮ್ಮ, ಬಸವರಾಜ ಮಾಮಾ. ರೈತರು ತಂದ ಬೆಲ್ಲವನ್ನು ನಮ್ಮ ಕಟ್ಟೆಯ ಮೇಲೆ ಇಳಿಸಿಕೊಂಡು, ಸವಾಲು, ಅಂದರೆ ಹರಾಜು, ಕೂಗಿಸಿ, ವ್ಯಾಪಾರಿಗಳಿಗೆ ಮಾರಿಸಿಕೊಡುವುದು ಅಂಗಡಿಯ ಉದ್ಯೋಗ. ಇದರಲ್ಲಿ ನನಗೆ ಬಂದ ಪಾಲು ರುಚಿ ನೋಡುವುದು. ಸವಾಲು ಶುರುವಾಗುವ ಮುಂಚೆ ಅಂಗಡಿಯವನು ಎಲ್ಲರೆದುರು ಪೆಂಟಿ ಎನ್ನುವ ಬೆಲ್ಲದ ದೊಡ್ಡ ಅಚ್ಚಿನಿಂದ ಒಂದು ಚೂರು ಮುರಿದು, ಮೊದಲು ತಾನು ಬಾಯಿಗೆ ಹಾಕಿಕೊಂಡು, ಆಮೇಲೆ ವ್ಯಾಪಾರಿಗಳಿಗೆ ಕೊಡಬೇಕು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಮಾಮಾನ ಅಪ್ಪನ ಕಾಲದಿಂದ ನಮ್ಮ ಕಟ್ಟೆಯ ರೂಢಿ. ಆದರೆ ನಾನು ಎರಡು ವರ್ಷ ನೋಡಿ ಕಂಡುಕೊಂಡ ಗುಟ್ಟೊಂದಿದೆ. ವ್ಯಾಪಾರಿಗಳು ಚೂರನ್ನು ಕೈಯಲ್ಲಿ ಹಿಡಿಯುತ್ತಾರೆ, ಬಣ್ಣ ನೋಡುತ್ತಾರೆ, ಮೂಸುತ್ತಾರೆ, ಆಮೇಲೆ ಮೆಲ್ಲಗೆ ಕೆಳಗೆ ಹಾಕುತ್ತಾರೆ. ಬೆಳಗಿನಿಂದ ಇಪ್ಪತ್ತು ಕಟ್ಟೆಯ ಬೆಲ್ಲ ತಿಂದ ನಾಲಗೆಗೆ ಇಪ್ಪತ್ತೊಂದನೆಯದು ಏನು ತಿಳಿಯಬೇಕು? ಅವರು ನೋಡುವುದು ಚೂರು ಬಾಯಿಗೆ ಹಾಕಿಕೊಂಡವನ ಮುಖವನ್ನು.

ಇಂಥ ಕೆಲಸದವನಿಗೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಜಮಖಂಡಿಯ ಡಾಕ್ಟರಮ್ಮ ರಿಪೋರ್ಟು ನೋಡಿ, “ಏನ್ ಕೆಲಸಾ ಮಾಡ್ತೀರಿ?” ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. “ಬ್ಯಾರೆ ಏನರ ಸಿಗಲಿಲ್ಲೇನ್ರಿ?” ಎಂದರು. ಅಂದಿನಿಂದ ನನ್ನ ಚೂರು ಸಣ್ಣದಾಗುತ್ತಾ ಬಂತು: ಮೊದಲು ಕಡಲೆಕಾಳಿನಷ್ಟು, ಆಮೇಲೆ ಜೋಳದ ಕಾಳಿನಷ್ಟು, ಕೊನೆಗೆ ಎಳ್ಳಿನಷ್ಟು. ಅದನ್ನು ನಾಲಗೆಯ ತುದಿಗೆ ಮುಟ್ಟಿಸಿ, ಕೆಮ್ಮಿದ ಹಾಗೆ ಮಾಡಿ ಕರವಸ್ತ್ರಕ್ಕೆ ದಾಟಿಸುವ ವಿದ್ಯೆಯನ್ನು ಹದಿನೇಳು ದಿನಗಳಲ್ಲಿ ಕಲಿತೆ. ಪೇಟೆಯಲ್ಲಿ ಯಾರಿಗೂ ಹೇಳಬೇಡ ಎಂದು ಮಾಮಾ ಮೊದಲೇ ತಾಕೀತು ಮಾಡಿದ್ದ. “ಸಕ್ಕರಿ ಬ್ಯಾನಿ ಇದ್ದಾಂವ ಬೆಲ್ಲಾ ಮಾರತಾನ ಅಂದ್ರ ಮಂದಿ ಬಿದ್ದು ಬಿದ್ದು ನಗತಾರ. ಕನ್ಯಾ ಕೊಡೋರೂ ಹಿಂದಕ ಸರೀತಾರ. ಬಾಯಿ ಮುಚ್ಚಿಕೊಂಡು ರುಚಿ ನೋಡು.” ಬಾಯಿ ಮುಚ್ಚಿಕೊಂಡು ರುಚಿ ನೋಡುವುದು ಹೇಗೆ ಎಂದು ನಾನು ಕೇಳಲಿಲ್ಲ. ಮಾಮಾನಿಗೆ ಬಿಪಿ ಇದೆ.

ಇದು ಒಂದು ಹಂತಕ್ಕೆ ಬಂತು ಎನ್ನುವಷ್ಟರಲ್ಲಿ ಮುಖದ ನೋವು ಶುರುವಾಯಿತು. ಒಂದು ಗುರುವಾರ ಮುಖ ತೊಳೆಯುತ್ತಿದ್ದೆ. ಬಲಗೆನ್ನೆಗೆ ನೀರು ತಾಗಿದ್ದೇ ತಡ, ಕಿವಿಯ ಮುಂದಿನಿಂದ ತುಟಿಯವರೆಗೆ ಕರೆಂಟು ಹೊಡೆದಂತಾಯಿತು. ನಮ್ಮ ಬಚ್ಚಲಿನ ವೈರಿಂಗ್ ಮೊದಲಿನಿಂದಲೂ ಸರಿಯಿಲ್ಲವಾದ್ದರಿಂದ ನಾನು ಮೊದಲು ಓಡಿದ್ದು ಮೇನ್ ಸ್ವಿಚ್ ಆರಿಸಲು. ಆರಿಸಿದ ಮೇಲೂ ಹೊಡೆಯಿತು. ಆಗ ಹಲ್ಲಿನ ಮೇಲೆ ಸಂಶಯ ಬಂತು. ಮುಧೋಳದಲ್ಲಿ ಒಬ್ಬ ಹಲ್ಲಿನ ಡಾಕ್ಟರರು ಫೋಟೊ ತೆಗೆದು, “ಹಲ್ಲು ಛಲೋ ಐತ್ರಿ, ಇದನ್ನ ಮುಟ್ಟೂದು ಬ್ಯಾಡ” ಎಂದರು. ನಾನು ಚೀಲದಿಂದ ದಿನಚರಿ ತೆಗೆದು, ಹನ್ನೆರಡು ದಿನದಲ್ಲಿ ಮೂವತ್ತೊಂದು ಸಲ, ಎಲ್ಲವೂ ಅದೇ ಜಾಗ ಎಂದು ಓದಿ ತೋರಿಸಿದೆ. ಕೀಳಲೇಬೇಕು ಎಂದು ಹಟ ಹಿಡಿದೆ. ಎರಡು ಸಲ ವಾಪಸ್ಸು ಕಳಿಸಿದರು, ಮೂರನೆಯ ಸಲ ಅವರೇ ಸೋತರು. ಕಿತ್ತ ಮರುದಿನ ಮುಂಜಾನೆ ಏಳು ಇಪ್ಪತ್ತಕ್ಕೆ ನೋವು ಮತ್ತೆ ಬಂತು. ತಪ್ಪು ಮಾಡದ ಹಲ್ಲಿಗೆ ಶಿಕ್ಷೆಯಾದ ತಾರೀಖು ನನ್ನ ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿದೆ.

ಬಾಗಲಕೋಟೆಯ ನರದ ಡಾಕ್ಟರರು ಕೊನೆಗೆ ಹೆಸರು ಹೇಳಿದರು. ಮುಖದಲ್ಲಿ ಮೂರು ಕವಲಿನ ಒಂದು ನರ ಇದೆಯಂತೆ. ಅದು ಕೆಟ್ಟರೆ ಗಾಳಿ ಸೋಕಿದ್ದನ್ನೂ, ತುತ್ತು ಜಗಿದದ್ದನ್ನೂ, ಮಾತಾಡಿದ್ದನ್ನೂ ಮಿದುಳಿಗೆ ಭಯಂಕರ ಸುದ್ದಿಯಾಗಿ ಕಳಿಸುತ್ತದಂತೆ. “ಸುಳ್ಳ ಸುದ್ದಿರಿ ಅದು. ಅಲ್ಲೆ ಏನೂ ಆಗಿರೂದಿಲ್ಲ” ಎಂದರು. ಸುಳ್ಳು ಸುದ್ದಿಯಾದರೂ ಅದರ ವೇಗ ಮೆಚ್ಚಬೇಕು. ಇದಕ್ಕೂ ನನ್ನ ಸಕ್ಕರೆಗೂ ಸಂಬಂಧ ಇದೆಯೇ ಎಂದು ಕೇಳಿದೆ. “ಇರಬಹುದು, ಇಲ್ಲದಿರಬಹುದು” ಎಂದರು. ನನಗೆ ನೋವಿಗಿಂತ ಕಷ್ಟವಾದದ್ದು ಈ ಉತ್ತರ. ದಿನಚರಿಯಲ್ಲಿ ಹೌದು, ಇಲ್ಲ ಎಂಬ ಎರಡು ಸಾಲುಗಳಿದ್ದವು. ಇರಬಹುದು ಎಂಬುದಕ್ಕೆ ಜಾಗವೇ ಇರಲಿಲ್ಲ.

ಮಾತ್ರೆ ಕೊಟ್ಟರು. ಸ್ವಲ್ಪದಿಂದ ಶುರು ಮಾಡಿ ಏರಿಸುತ್ತಾ ಹೋಗಬೇಕು, ನಡುನಡುವೆ ರಕ್ತ ತೋರಿಸಬೇಕು. ಮೊದಲ ವಾರ ತಲೆ ತಿರುಗಿ, ಅಂಗಡಿಯಲ್ಲಿ ಬೆಲ್ಲದ ಪೆಂಟಿಗೆ ಒರಗಿ ನಾಲ್ಕು ಸಲ ನಿದ್ದೆ ಹೋದೆ. ಅದರಲ್ಲಿ ಒಂದು ಸಲ ಮಾಮಾ ನೋಡಿದ. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆ ಹೊತ್ತಿಗೆ ದಿನಕ್ಕೆ ಹನ್ನೊಂದಕ್ಕೆ ಏರಿದ್ದದ್ದು ಮೂರಕ್ಕೆ ಇಳಿಯಿತು. ಆದರೆ ನಿಜವಾದ ಜಗಳ ಶುರುವಾದದ್ದು ಅಡುಗೆಮನೆಯಲ್ಲಿ. ಸಕ್ಕರೆಯ ಡಾಕ್ಟರಮ್ಮ, “ಅನ್ನಾ ಬಿಡ್ರಿ, ಜ್ವಾಳದ ರೊಟ್ಟಿ ತಿನ್ರಿ, ಸಾವಕಾಶ ಜಗದು ಜಗದು ತಿನ್ರಿ” ಎಂದಿದ್ದರು. ನರದ ಡಾಕ್ಟರರು, “ಜಗಿಯೂದು ಕಡಿಮಿ ಮಾಡ್ರಿ, ಮೆತ್ತಗಿದ್ದದ್ದು ನುಂಗ್ರಿ” ಎಂದರು. ರೊಟ್ಟಿ ಜಗಿದರೆ ಕೆನ್ನೆಗೆ ಕರೆಂಟು. ಮೆತ್ತನ್ನ ಅನ್ನ ನುಂಗಿದರೆ ಎರಡು ತಾಸಿನ ಮೇಲೆ ಸಕ್ಕರೆ ಇನ್ನೂರೈವತ್ತು. ಅವ್ವ ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಳು. ಅವಳಿಗೆ ಓದಲು ಬರುವುದಿಲ್ಲ; ಸಿಟ್ಟಿಗೆ ಓದು ಬೇಕಾಗಿಲ್ಲ. “ಆ ಇಬ್ಬರನೂ ಒಂದ ಖೋಲ್ಯಾಗ ಕುಂದರಿಸಿ ನನ್ನ ಕೈಲೆ ಊಟಕ್ಕ ಹಾಕಸ್ರಿ. ಏನ್ ತಿಂತಾರ ನೋಡೋಣು.”

ಕೊನೆಗೆ ದಾರಿ ಕಂಡುಹಿಡಿದವಳೂ ಅವಳೇ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಎಣ್ಣೆ ಹಾಕಿ ಕುಟ್ಟಿ ಮುದ್ದೆ ಕಟ್ಟುವ ಮುಟಗಿ ನಮ್ಮ ಕಡೆ ಮಕ್ಕಳಿಗೂ ಹಲ್ಲಿಲ್ಲದವರಿಗೂ ಮಾಡಿಕೊಡುವಂಥದ್ದು. ಅದು ರೊಟ್ಟಿಯೂ ಹೌದು, ಮೆತ್ತಗೂ ಹೌದು. ಇಬ್ಬರು ಡಾಕ್ಟರರಿಗೂ ಒಂದೇ ಒರಳಿನಲ್ಲಿ ಉತ್ತರ ಸಿಕ್ಕಿತು. ಐದು ತಿಂಗಳಲ್ಲಿ ನಾನು ತಿಂದ ಮುಟಗಿ ಇನ್ನೂರ ಅರವತ್ತನಾಲ್ಕು. ಮೂರನೆಯ ತಿಂಗಳ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಡಾಕ್ಟರಮ್ಮ, “ಏನ್ ಮಾಡಿದ್ರಿ?” ಎಂದು ಕೇಳಿದಾಗ ಅವ್ವ ಮುಂದೆ ಬಂದು, “ಕುಟ್ಟಿದೆ” ಎಂದಳು.

ಬೇರೆ ಸಣ್ಣಪುಟ್ಟ ಹೊಂದಾಣಿಕೆಗಳೂ ಇದ್ದವು. ಬಸ್ಸಿನಲ್ಲಿ ಕಿಟಕಿಯ ಗಾಳಿ ಬಲಗೆನ್ನೆಗೆ ಬಡಿಯಬಾರದೆಂದು ಎಡಗಡೆಯ ಸೀಟೇ ಹಿಡಿಯುತ್ತಿದ್ದೆ. ಅದು ಸಿಗದ ದಿನ ತಲೆ ಸುತ್ತ ಟವೆಲ್ ಸುತ್ತಿಕೊಂಡು ನಿಲ್ಲುತ್ತಿದ್ದೆ. ಗಡ್ಡ ಬೋಳಿಸುವುದನ್ನು ಬಿಟ್ಟೆ. ಬನಹಟ್ಟಿಯಲ್ಲಿ ಗಡ್ಡ ಬಿಟ್ಟ ಹುಡುಗನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. “ಯಾವ ದೇವರಿಗೆ ಹರಕಿ ಹೊತ್ತೀಯೋ?” ಎಂದು ಕೇಳಿದವರು ಹತ್ತೊಂಬತ್ತು ಮಂದಿ. ಸುಳ್ಳು ಹೇಳಬಾರದೆಂದು ಎಲ್ಲರಿಗೂ ಸುಮ್ಮನೆ ಮೇಲೆ ಕೈ ತೋರಿಸಿದೆ. ಇನ್ನೊಂದು ದಿನ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು, ನೋವಿಗೆ ಹೆದರಿ ಊಟ ಬಿಟ್ಟು ಅಂಗಡಿಗೆ ಹೋದೆ. ಹನ್ನೆರಡಕ್ಕೆ ಕೈ ನಡುಗಿ ಮೈಯೆಲ್ಲ ಬೆವರಿತು. ಸಕ್ಕರೆ ಐವತ್ತೆಂಟು. ಆರೋಗ್ಯಶಾಸ್ತ್ರವೇ ನನಗೆ ಬೆಲ್ಲ ತಿನ್ನು ಎಂದು ಹೇಳುವ ಏಕೈಕ ಗಳಿಗೆ, ಸುತ್ತ ನೂರಾರು ಪೆಂಟಿ. ಆದರೆ ದವಡೆ ಅಲುಗಿಸಲು ಧೈರ್ಯವಿಲ್ಲ. ಮಾಮಾ ಓಡಿಬಂದು ಬೆಲ್ಲವನ್ನು ನೀರಲ್ಲಿ ಕರಗಿಸಿ ಎಡಗಡೆಯಿಂದ ಕುಡಿಸಿದ. ಆ ದಿನವೂ ಹೊರಗಿನವರಿಗೆ, “ಬಿಸಲು ಬಡದೈತ್ರಿ” ಎಂದ. ತಿಂಗಳು ಡಿಸೆಂಬರ್.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ತುಬಚಿಯ ಕಡೆಯ ಸಿದ್ದಪ್ಪ ಕಾಕಾ ಹತ್ತು ಪೆಂಟಿ ಕಡಿಮೆ ನೂರು ತಂದಿದ್ದ. ಅರವತ್ತು ದಾಟಿದವನು, ನಲವತ್ತು ವರ್ಷದಿಂದ ಸ್ವಂತ ಗಾಣದಲ್ಲಿ ತಾನೇ ಪಾಕ ನೋಡಿ ಇಳಿಸುವವನು. ಕೊಪ್ಪರಿಗೆಯ ಹತ್ತಿರ ಬೇರೆ ಯಾರನ್ನೂ ಬಿಡುವುದಿಲ್ಲ. ಅವನ ಬೆಲ್ಲ ಬಂದರೆ ಸವಾಲಿಗೆ ಮೊದಲೇ ಜನ ಕೂಡುತ್ತಿದ್ದರು. ಅಂದೂ ಕೂಡಿದ್ದರು. ಬೀಳಗಿಯ ವ್ಯಾಪಾರಿ ಗುರುಪಾದಪ್ಪನವರು ಎಲ್ಲರಿಗಿಂತ ಮುಂದೆ ನಿಂತಿದ್ದರು. ನಾನು ಚೂರು ಮುರಿದೆ, ಎಳ್ಳಿನಷ್ಟನ್ನು ನಾಲಗೆಗೆ ಇಟ್ಟೆ. ಅದೇ ಹೊತ್ತಿಗೆ ಗೋದಾಮಿನ ಸಂದಿಯಿಂದ ತಣ್ಣನೆಯ ಗಾಳಿ ಬೀಸಿತು. ಅದು ಆ ತಿಂಗಳ ಅತಿ ದೊಡ್ಡ ಹೊಡೆತ. ಕಣ್ಣು ಮುಚ್ಚಿಹೋಯಿತು, ಬಾಯಿ ಒಂದು ಕಡೆ ಎಳೆಯಿತು, ಕೈ ತಾನಾಗಿ ಕೆನ್ನೆಗೆ ಹೋಯಿತು. ನೋವು ಬಂದಾಗ ಎಣಿಸುವುದು ನನ್ನ ಪದ್ಧತಿ. ಒಂದರಿಂದ ಎಂಟರವರೆಗೆ ಎಣಿಸಿ ಕಣ್ಣು ಬಿಟ್ಟೆ.

ಎದುರಿಗೆ ಯಾರೂ ಇರಲಿಲ್ಲ. ವ್ಯಾಪಾರಿಗಳೆಲ್ಲ ಪಕ್ಕದ ಕಟ್ಟೆಗೆ ಸರಿದಿದ್ದರು. “ಉಪ್ಪೈತಿ” ಎಂದು ಗುರುಪಾದಪ್ಪನವರು ಹೋಗುತ್ತಾ ಹೇಳಿದ್ದು ಕೇಳಿಸಿತು. “ಅವರ ಅಂಗಡಿ ಹುಡಗನ ಕೈಲೇ ನುಂಗಾಕ ಆಗಲಿಲ್ಲ, ನಾವೇನ್ ತಿನ್ನೂದು. ಹೊಲಾ ಸವಳ ಹತ್ತಿರಬೇಕು.” ನೀರು ಹೆಚ್ಚಾಗಿ ಸವಳು ಹತ್ತಿದ ಭೂಮಿಯ ಕಬ್ಬಿನ ಬೆಲ್ಲಕ್ಕೆ ಉಪ್ಪು ಬರುತ್ತದೆ. ಒಮ್ಮೆ ಆ ಹೆಸರು ಬಂದರೆ ಬೆಲ್ಲಕ್ಕಷ್ಟೇ ಅಲ್ಲ, ಹೊಲಕ್ಕೂ ಹತ್ತಿತು. ನಾನು ಬಾಯಿ ತೆರೆಯಬೇಕಿತ್ತು. ಮಾಮಾ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಸಣ್ಣಗೆ ತಲೆ ಅಲ್ಲಾಡಿಸಿದ. ನಾನು ಸುಮ್ಮನಾದೆ. ಸಿದ್ದಪ್ಪ ಕಾಕಾ ಬಗ್ಗಿ, ನಾನು ಮುರಿದ ಪೆಂಟಿಯಿಂದಲೇ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಹಾಗೇ ಚೀಪುತ್ತಾ ನಿಂತ. ಆಮೇಲೆ ಇನ್ನೊಂದು ಚೂರು. ನನ್ನನ್ನು ಕೇಳಿದ: “ನನಗ ತಿಳೀವಲ್ದೋ ತಮ್ಮಾ. ಖರೇನ ಉಪ್ಪೈತೇನು?” ನಾನು, “ಇಲ್ಲ ಕಾಕಾ” ಎಂದೆ. ಅಂಗಡಿಯವರು ಹಾಗೆ ಹೇಳದೆ ಇನ್ನೇನು ಹೇಳುತ್ತಾರೆ ಎಂಬಂತೆ ಅವನು ತಲೆಯಾಡಿಸಿದ. ಮಾಲನ್ನು ಬಂದ ಟೆಂಪೋದಲ್ಲೇ ವಾಪಸ್ಸು ಹೇರಿಸಿಕೊಂಡು ಹೋದ.

ಅದೇ ಶುಕ್ರವಾರ ಆ ಕಡೆಯ ರೈತನೊಬ್ಬ ಸುದ್ದಿ ತಂದ. ಸಿದ್ದಪ್ಪ ಗಾಣ ನಿಲ್ಲಿಸಿದ್ದಾನೆ. ಉಳಿದ ಕಬ್ಬನ್ನು ಸಕ್ಕರೆ ಕಾರ್ಖಾನೆಗೆ ಕಡಿಸಿ ಕಳಿಸುತ್ತಾನಂತೆ. ಹೊಲದ ದೋಷ ಎಂದಲ್ಲ, “ನನ್ನ ನಾಲಿಗಿ ಹೋತು, ಇನ್ನ ಪಾಕಾ ನೋಡಾಕ ಆಗೂದಿಲ್ಲ” ಎನ್ನುತ್ತಾನಂತೆ. ಆ ರಾತ್ರಿ ನನ್ನ ದಿನಚರಿಯಲ್ಲಿ ನೋವು ಎರಡು, ಸಕ್ಕರೆ ನೂರ ನಲವತ್ತು, ಮುಟಗಿ ಒಂದು. ಎಲ್ಲ ಸರಿಯಾಗಿತ್ತು. ಮಂಗಳವಾರದ ಪುಟ ತೆರೆದು ನೋಡಿದೆ: “11.40. ಬಲಗೆನ್ನೆ. ಎಂಟು ಸೆಕೆಂಡು. ಕಾರಣ: ತಣ್ಣನೆಯ ಗಾಳಿ.” ಪರಿಣಾಮ ಎಂಬ ಸಾಲನ್ನು ನಾನು ಯಾವತ್ತೂ ಇಟ್ಟಿರಲೇ ಇಲ್ಲ.

ಭಾನುವಾರ ಜಮಖಂಡಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಕಾನ ಹೊಲಕ್ಕೆ ಹೋದೆ. ಗಾಣದ ಒಲೆಯಲ್ಲಿ ಬೂದಿ ತಣ್ಣಗಿತ್ತು. ಕೊಪ್ಪರಿಗೆಯನ್ನು ಬೋರಲು ಹಾಕಿದ್ದರು. ಹೆಂಡತಿ ಕಾಶವ್ವ ನನ್ನನ್ನು ನೋಡಿ, ಬಾ ಎನ್ನುವ ಮೊದಲೇ, “ನೋಡಪಾ, ನಾಕ್ ದಿನಾ ಆತು, ಸಾರಿಗೂ ಉಪ್ಪ ಹಾಕಬ್ಯಾಡ ಅಂತಾನ. ಎಲ್ಲಾ ಉಪ್ಪ ಹತ್ತತೈತಂತ. ನಿನ್ನಿ ಚಾ ಕುಡದು, ಇದಕ್ಕೂ ಉಪ್ಪ ಹಾಕಿಯೇನ ಅಂತ ಕೇಳಿದ” ಎಂದಳು. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತು ಮುಖದ ನರದ ವಿಷಯ, ಸಕ್ಕರೆಯ ವಿಷಯ ಎಲ್ಲ ಹೇಳಿದೆ. ಅವನು ಸಮಾಧಾನದಿಂದ ಕೇಳಿ, “ಹಿರೇ ಮನಶ್ಯಾಗ ಸಮಾಧಾನ ಮಾಡಾಕ ಇಷ್ಟ ದೂರ ಬಂದಿ, ಛಲೋ ಹುಡಗ” ಎಂದ. ನಂಬಿರಲಿಲ್ಲ. ಆಗ ಚೀಲದಿಂದ ದಿನಚರಿ ತೆಗೆದೆ.

ಮೂರು ತಿಂಗಳ ಪುಟಗಳನ್ನು ಓದಿದೆ. ಮುಖ ತೊಳೆದದ್ದು, ಬಸ್ಸಿನ ಕಿಟಕಿ, ರೊಟ್ಟಿಯ ತುಣುಕು, ಆಕಳಿಕೆ, ಎಲ್ಲಕ್ಕೂ ಹೊತ್ತು ಮತ್ತು ಸೆಕೆಂಡು. ಮಂಗಳವಾರದ ಸಾಲಿಗೆ ಬಂದಾಗ ಅವನು ಕೈ ಎತ್ತಿ ನಿಲ್ಲಿಸಿದ.

“ಎಂಟು ಸೆಕೆಂಡು?”

“ಹೌದು ಕಾಕಾ.”

“ಎಣಿಸಿದಿ?”

“ಎಣಿಸಿದೆ.”

“ನನ್ನ ಮಾಲ ನೆಲಕ್ಕ ಬೀಳಾಕತ್ತಿತ್ತು. ನೀ ಕಣ್ಣ ಮುಚ್ಚಿಕೊಂಡು ಒಂದು ಎರಡು ಮೂರು ಅನಕೋತ ನಿಂತಿದ್ದಿ.”

ನಾನು ದಿನಚರಿ ಮುಚ್ಚಿದೆ. ಕಾಶವ್ವ ಒಳಗಿನಿಂದ ಒಂದು ಚೂರು ಬೆಲ್ಲ ತಂದು ಗಂಡನ ಕೈಗಿಟ್ಟಳು. ಅವನು ಬಾಯಿಗೆ ಹಾಕಿಕೊಂಡ. ಈ ಸಲ ನನ್ನ ಮುಖ ನೋಡಲಿಲ್ಲ, ಹೊಲದ ಕಡೆ ನೋಡಿದ. ಆಮೇಲೆ ಹೇಳಿದ: “ಸಿಹಿ ಐತಿ.” ಕೈ ಒರೆಸಿಕೊಂಡು, “ಆದ್ರ ಇಲ್ಲಿ ಕುಂತು ನನಗೊಬ್ಬಗ ಹೇಳಿದ್ರ ಏನ್ ಬಂತು. ನಾಕ್ ಮಂದ್ಯಾಗ ಆಗಿದ್ದು ನಾಕ್ ಮಂದ್ಯಾಗ ಹೇಳಬೇಕು. ನೀ ಹೇಳಿದಿ ಅಂದ್ರ ಒಲಿ ಹಚ್ಚತೇನಿ” ಎಂದ.

ಮಾಮಾನಿಗೆ ಸೋಮವಾರ ಹೇಳಿದೆ. “ಹೇಳಿದ ಮ್ಯಾಲ ನಿನಗ ಯಾರ್ ಹೆಣ್ಣ ಕೊಡ್ತಾರ?” ಎಂದ. ಈಗಲೂ ಯಾರೂ ಕೊಟ್ಟಿಲ್ಲವಲ್ಲ ಎಂದೆ. ಎರಡು ವರ್ಷದಲ್ಲಿ ಕನ್ಯೆ ನೋಡಲು ಹೋದದ್ದು ಏಳು ಮನೆ, ಎಲ್ಲ ಕಡೆಯಿಂದ ಬಂದದ್ದು ಅವಲಕ್ಕಿ ಮಾತ್ರ. ಮಾಮಾ ಲೆಕ್ಕ ಕೇಳಿ ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿ ಎದ್ದ. ಅಂಗಡಿಯ ಹೆಸರಿನ ಚಿಂತೆ ಅವನಿಗೆ. ಆದರೆ ಮಂಗಳವಾರ ಬೆಳಿಗ್ಗೆ, ನಾನು ಕಟ್ಟೆ ಹತ್ತುವ ಮುಂಚೆ, ಗೋದಾಮಿನ ಸಂದಿಗೆ ಒಂದು ಗೋಣಿತಾಟು ಕಟ್ಟಿಸಿ ಗಾಳಿ ತಡೆದಿದ್ದ. ಅವನಾಗಿ ಹೇಳಲಿಲ್ಲ, ನಾನೇ ನೋಡಿದೆ.

ಸಿದ್ದಪ್ಪ ಕಾಕಾ ಅದೇ ತೊಂಬತ್ತು ಪೆಂಟಿ ಮತ್ತೆ ತಂದಿದ್ದ. ವ್ಯಾಪಾರಿಗಳು ದೂರದಿಂದಲೇ ಗುರುತು ಹಿಡಿದು ಪಕ್ಕದ ಕಟ್ಟೆಗೆ ಹೊರಟಿದ್ದರು. ನಾನು, “ಒಂದ್ ನಿಮಿಷ ನಿಂದರ್ರಿ” ಎಂದು ಕೂಗಿದೆ. ಕೂಗಿದ್ದಕ್ಕೇ ಕೆನ್ನೆಯಲ್ಲಿ ಒಂದು ಹೊಡೆಯಿತು, ಅದನ್ನು ಎಣಿಸಲಿಲ್ಲ. ಸಕ್ಕರೆ ಇದೆ ಎಂದೆ, ಎರಡು ವರ್ಷದಿಂದ ಎಳ್ಳಿನಷ್ಟು ನೆಕ್ಕಿ ಕರವಸ್ತ್ರಕ್ಕೆ ಉಗಿಯುತ್ತಿದ್ದೇನೆ ಎಂದೆ, ಮುಖದ ನರ ಕೆಟ್ಟಿದೆ ಎಂದೆ. ಆಮೇಲೆ ದಿನಚರಿಯ ಆ ಸಾಲನ್ನು ಗಟ್ಟಿಯಾಗಿ ಓದಿದೆ. ಮಾತಾಡುವುದು, ಜಗಿಯುವುದು, ಗಾಳಿ ಇವುಗಳಿಂದ ನೋವು ಬರುತ್ತದೆ ಎಂಬ ಡಾಕ್ಟರರ ಮಾತನ್ನೂ ಓದಿದೆ. ಹೊರಟಿದ್ದವರು ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಮೊದಲು ಮಾತಾಡಿದವರು ಗುರುಪಾದಪ್ಪನವರು.

“ಅಂದ್ರ ಅವತ್ತ ಬೆಲ್ಲದಾಗ ಉಪ್ಪ ಇರಲಿಲ್ಲ?”

“ಇರಲಿಲ್ರಿ.”

“ಮತ್ತ ನನಗ ಉಪ್ಪ ಹತ್ತಿತಲ್ಲೋ?”

“ನೀವು ತಿಂದಿರಲಿಲ್ರಿ. ನನ್ನ ಮುಖಾ ನೋಡಿ ಅಂದ್ರಿ.”

ಯಾರೋ ಹಿಂದೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಗುರುಪಾದಪ್ಪನವರ ಕಿವಿ ಕೆಂಪಾಯಿತು. ಆದರೆ ಮನುಷ್ಯ ದೊಡ್ಡವರು. ಮುಂದೆ ಬಂದು, ಪೆಂಟಿಯಿಂದ ಅಡಿಕೆಯಷ್ಟು ಚೂರು ಮುರಿದು, ಎಲ್ಲರಿಗೂ ಕಾಣುವಂತೆ ಬಾಯಿಗೆ ಹಾಕಿಕೊಂಡು, ಕೆಳಗೆ ಚೆಲ್ಲದೆ ನುಂಗಿದರು. “ಸಿದ್ದಪ್ಪಾ, ತಪ್ಪಾತೋ ಮಾರಾಯಾ” ಎಂದರು. ಅವತ್ತಿನ ಸವಾಲು ಅವರಿಂದಲೇ ಶುರುವಾಯಿತು. ಮಾಲು ಹೋದ ಮೇಲೆ ಸಿದ್ದಪ್ಪ ಕಾಕಾ ಚಹಾದಂಗಡಿಯಲ್ಲಿ ಕೂತು ಮೊದಲ ಗುಟುಕು ಕುಡಿದು, “ಇದಕ್ಕ ಸಕ್ಕರಿ ಕಡಿಮಿ ಆಗೇತಿ” ಎಂದು ಅಂಗಡಿಯವನನ್ನು ಬೈದ. ನಾಲಗೆ ಮರಳಿತ್ತು. ಮರುದಿನ ಅವನ ಗಾಣದಲ್ಲಿ ಒಲೆ ಹತ್ತಿತು ಎಂಬುದನ್ನು ಕಾಶವ್ವ ಫೋನು ಮಾಡಿ ತಿಳಿಸಿದಳು.

ಸಂಜೆಯೊಳಗೆ ನನಗೆ ಸಿಕ್ಕ ಔಷಧಿಗಳು ಹದಿನಾಲ್ಕು. ಕಾದ ಉಪ್ಪಿನ ಗಂಟು, ಹರಳೆಣ್ಣೆ, ಎಕ್ಕದ ಎಲೆ, ಬಲಗಡೆ ನೋವಿಗೆ ಎಡಗಾಲಿಗೆ ದಾರ. ಅದರಲ್ಲಿ ಐದರೊಳಗೆ ಬೆಲ್ಲವೇ ಮುಖ್ಯವಾಗಿತ್ತು. ಎಲ್ಲವನ್ನೂ ಬರೆದುಕೊಂಡೆ, ಯಾವುದನ್ನೂ ಮಾಡಲಿಲ್ಲ. ಬಾಗಲಕೋಟೆಯ ಮಾತ್ರೆ, ಅವ್ವನ ಮುಟಗಿ ಮುಂದುವರಿಸಿದೆ. ಪೇಟೆಯವರು ನನ್ನನ್ನು ಬಹಳ ಕಾಳಜಿಯಿಂದ ನೋಡತೊಡಗಿದರು. ನಾನು ಮಾತಾಡಲು ಬಾಯಿ ತೆರೆದರೆ, “ಬ್ಯಾಡ, ಕೈಲೆ ಹೇಳ್ರಿ” ಎನ್ನುತ್ತಿದ್ದರು. ಕುರ್ಚಿ ಕೊಡುತ್ತಿದ್ದರು. ಮುಚ್ಚಿಡುವ ಕೆಲಸ ತಪ್ಪಿದ್ದಕ್ಕೋ ಏನೋ, ನೋವು ದಿನಕ್ಕೆ ಒಂದಕ್ಕೆ ಇಳಿಯಿತು. ಸಂಬಂಧ ಇರಬಹುದು, ಇಲ್ಲದಿರಬಹುದು. ದಿನಚರಿಯಲ್ಲಿ ಈಗ ಅದಕ್ಕೊಂದು ಸಾಲು ಹಾಕಿದ್ದೇನೆ.

ಎಲ್ಲ ಸುಖವಾಗಿದ್ದ ಒಂದು ಮಂಗಳವಾರ ಹೊಸ ರೈತನೊಬ್ಬನ ಮಾಲು ಬಂತು. ಬಣ್ಣ ಬಂಗಾರದಂತಿತ್ತು. ಚೂರು ಮುರಿದು ಎಳ್ಳಿನಷ್ಟು ನಾಲಗೆಗಿಟ್ಟೆ. ಉಪ್ಪು. ಸಂಶಯವೇ ಇಲ್ಲದ ಉಪ್ಪು. ನನ್ನ ಮುಖ ತಾನಾಗಿ ಕಿವುಚಿತು.

“ಪಾಪ, ಹಿಡೀತು” ಎಂದರು ಗುರುಪಾದಪ್ಪನವರು. “ಕುಂದರ್ರಿ, ಕುಂದರ್ರಿ. ಯಾರರ ಗಾಳಿಗೆ ಅಡ್ಡ ನಿಂದರ್ರಿ.”

“ನೋವಲ್ರಿ, ಬೆಲ್ಲ ಉಪ್ಪೈತಿ” ಎಂದೆ.

“ಮಾತಾಡಬ್ಯಾಡ್ರಿ.”

“ಖರೇನ ಉಪ್ಪೈತ್ರಿ.”

ಅಂದು ಮಾಲು ಹಾಕಲು ಬಂದಿದ್ದ ಸಿದ್ದಪ್ಪ ಕಾಕಾ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೂರಿಸಿದ. “ಸುಮ್ನಿರೋ ತಮ್ಮಾ. ಮಾತಾಡಿದ್ರ ಹೆಚ್ಚಾಕ್ಕೈತಿ ಅಂತ ನೀನ ಓದಿದ್ದಿ” ಎಂದ. ನನ್ನ ಮೇಲಿನ ಮರುಕದಿಂದ ಯಾರೂ ಚೂರನ್ನು ಬಾಯಿಗೆ ಹಾಕಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಸವಾಲು ಏರಿ ಏರಿ, ಕೊನೆಗೆ ಗುರುಪಾದಪ್ಪನವರಿಗೇ ನಿಂತಿತು.

ಗುರುವಾರ ಅವರು ಅಂಗಡಿಗೆ ಬಂದರು. ನನ್ನೆದುರು ಕುರ್ಚಿ ಎಳೆದು ಕೂತು, ಸಿಟ್ಟಿಗಿಂತ ಬೇಸರದಿಂದ ಕೇಳಿದರು: “ಅದು ಉಪ್ಪ ಇತ್ತಲ್ರೀ. ಒಂದ್ ಮಾತ ಹೇಳಬಾರದಾಗಿತ್ತಾ?”

“ಎರಡ ಸಲ ಹೇಳಿದೆ ಸಾವ್ಕಾರ್ರ” ಎಂದೆ. ದಿನಚರಿ ತೆಗೆದು ತೋರಿಸಲೂ ಹೋದೆ: ಆ ದಿನ ನೋವು ಸೊನ್ನೆ, ಸಕ್ಕರೆ ನೂರ ಇಪ್ಪತ್ತೆಂಟು.

ಅವರು ಪುಸ್ತಕದ ಕಡೆ ನೋಡಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಾ, “ಆ ಮಾರಿ ಇಟಗೊಂಡು ಹೇಳಿದ್ರ ಯಾರ್ ನಂಬತಾರ್ರೀ?” ಎಂದರು.